ನೆಲವೇ ಡೊಂಕಾಗಿತ್ತು

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕೋ ತಿಳಿಯುತ್ತಿಲ್ಲ. ನೆಲದಿಂದ ಶುರು ಮಾಡೋಣ ಎಂದು ಕೂತೆ. ‘ಅದೊಂದು ಹಳೆಯ ಕಾಂಕ್ರೀಟ್ ನೆಲ’ ಎಂದು ಬರೆದೆ. ಓದಿ ನೋಡಿದರೆ ಯಾವುದೋ ಆಫೀಸಿನ ನೋಟೀಸಿನ ಹಾಗಿತ್ತು; ಹರಿದು ಹಾಕಿದೆ. ಎರಡನೆಯ ಡ್ರಾಫ್ಟಿನಲ್ಲಿ ‘ಬಿರುಕು ಬಿಟ್ಟ ನೆಲ, ಬಿರುಕು ಬಿಟ್ಟ ಮನಸ್ಸುಗಳು’ ಎಂದು ಬರೆದು, ಆಹಾ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಳ್ಳುವಷ್ಟರಲ್ಲಿ ಕಥೆಯ ಒಳಗಿಂದ ಒಂದು ಹೆಂಗಸಿನ ದನಿ ಕೇಳಿತು.

“ಯಾರ ಮನಸ್ಸಪ್ಪಾ ಬಿರುಕು ಬಿಟ್ಟಿರೋದು? ಇಲ್ಲಿ ಎಲ್ಲರದ್ದೂ ಗಟ್ಟಿಯಾಗೇ ಇದೆ. ತೊಂದರೆ ಇರೋದು ನೆಲದ್ದು.”

ಅದು ಅಕ್ಕನ ದನಿ. (ಯಾರ ಅಕ್ಕ? ಟೈಲರ್‌ನ ಅಕ್ಕ. ಟೈಲರ್ ಯಾರು? ಒಂದೇ ಉಸಿರಿಗೆ ಎಲ್ಲ ಹೇಳಿದರೆ ಎರಡನೆಯ ಭಾಗದಲ್ಲಿ ನಾನೇನು ಮಾಡಲಿ?)

೨

ಟೈಲರ್ ಅಂಗಡಿ ಇರುವುದು ಅವನ ಮನೆಯ ಗ್ಯಾರೇಜಿನಲ್ಲಿ. ಒಂದು ಕಾಲದಲ್ಲಿ ಅಲ್ಲಿ ಯಾರದೋ ಕಾರು ನಿಲ್ಲುತ್ತಿತ್ತು. ಇಪ್ಪತ್ತೆರಡು ವರ್ಷದಿಂದ ಹೊಲಿಗೆ ಮೆಷಿನ್ ಓಡುತ್ತಿದೆ. ಉದ್ದನೆಯ ನೆಲ, ಮೂರು ತುಂಡು ಕಾಂಕ್ರೀಟು. ಮನೆಯ ಬಾಗಿಲ ಕಡೆಯ ತುಂಡಿನಲ್ಲಿ ಇಸ್ತ್ರಿ ಮೇಜು, ನಡುವಿನದರಲ್ಲಿ ಮೆಷಿನ್ ಮತ್ತು ಅಕ್ಕನ ಮೇಜು, ಬೀದಿ ಕಡೆಯದರಲ್ಲಿ ಕೌಂಟರು. ಅದರ ಮುಂದೆ ಶಟರು, ಶಟರಿನ ಆಚೆ ಹಿಂದೊಮ್ಮೆ ಕಾರಿಗೆಂದು ಮಾಡಿದ್ದ ಇಳಿಜಾರು, ಅದರಾಚೆ ಬೀದಿ. ತುಂಡು ತುಂಡಿನ ನಡುವೆ ಗೋಡೆಯಿಂದ ಗೋಡೆಗೆ ಒಂದೊಂದು ಸಂದು, ಹೆಬ್ಬೆರಳಿನಷ್ಟು ಅಗಲ. ಒಟ್ಟು ಎರಡು. ಈ ಕಥೆಯ ಖಳನಾಯಕರು ಅವೇ ಎಂದು ಆಗ ನಾನು ನಂಬಿದ್ದೆ.

ಅಕ್ಕ ತಮ್ಮನಿಗಿಂತ ಎಂಟು ವರ್ಷ ದೊಡ್ಡವಳು. ಕಾಜಾ ಹಾಕುವುದು, ಗುಂಡಿ ಹೊಲಿಯುವುದು ಅವಳ ಇಲಾಖೆ. ಆರು ವರ್ಷದ ಹಿಂದೆ ಅವಳ ಎರಡು ಮಂಡಿಗಳೂ ಒಟ್ಟಿಗೆ ರಾಜೀನಾಮೆ ಕೊಟ್ಟವು, ಅಂದಿನಿಂದ ಗಾಲಿಕುರ್ಚಿ. ಅದನ್ನು ಯಾರೂ ತಳ್ಳಕೂಡದು, ತಳ್ಳಿದವರ ಕೈಗೆ ಸೂಜಿ ಚುಚ್ಚುತ್ತಾಳೆ. ದಿನಕ್ಕೆ ಮೂವತ್ತು ನಲವತ್ತು ಸಲ ಇಸ್ತ್ರಿ ಮೇಜಿನಿಂದ ಕೌಂಟರಿಗೆ, ಕೌಂಟರಿನಿಂದ ಇಸ್ತ್ರಿ ಮೇಜಿಗೆ ಅವಳ ಓಡಾಟ. ಸಂದು ದಾಟುವಾಗ ಮುಂದಿನ ಪುಟ್ಟ ಗಾಲಿಗಳು ‘ಟಕ್’ ಎನ್ನುತ್ತಿದ್ದವು. ತಲೆ ಎತ್ತದೆಯೇ ಟೈಲರ್‌ಗೆ ಅಕ್ಕ ಬಂದದ್ದು ಗೊತ್ತಾಗುತ್ತಿತ್ತು.

(ಟೈಲರ್‌ಗೆ ಹೆಂಡತಿ ಇಲ್ಲವೇ ಎಂದು ಕೇಳುತ್ತೀರಿ. ಇದ್ದಾರೆ. ಆಸ್ಪತ್ರೆಯಲ್ಲಿ ನರ್ಸು. ಕಥೆಗೆ ಬನ್ನಿ ಎಂದು ಕರೆದೆ. “ಡಬಲ್ ಡ್ಯೂಟಿ ಇದೆ, ನೀವೇ ನೋಡ್ಕೊಳ್ಳಿ” ಎಂದು ಬ್ಯಾಗು ಹೆಗಲಿಗೇರಿಸಿ ಹೊರಟುಹೋದರು.)

ಹೋದ ಸೋಮವಾರ ಟಕ್ ಎನ್ನಬೇಕಾದ ಗಾಲಿ ಎರಡನೆಯ ಸಂದಿನೊಳಗೆ ಇಳಿದು ಸಿಕ್ಕಿಕೊಂಡಿತು. ಕುರ್ಚಿ ಮುಗ್ಗರಿಸಿತು. ತೊಡೆಯ ಮೇಲಿದ್ದ ಗುಂಡಿ ಡಬ್ಬಿಯ ಸಮೇತ ಅಕ್ಕ ನೆಲಕ್ಕೆ ಬಂದಳು. ಪೆಟ್ಟೇನೂ ಆಗಲಿಲ್ಲ. ಸುತ್ತ ಸಾವಿರ ಗುಂಡಿ, ನಡುವೆ ಕೂತು ಅವಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಟೈಲರ್ ನಗಲಿಲ್ಲ. ಅವಳನ್ನು ಎತ್ತಿ ಕುರ್ಚಿಯಲ್ಲಿ ಕೂರಿಸಿದ.

“ಇನ್ನು ಸಾಕಕ್ಕ. ನಾಳೆಯಿಂದ ನೀನು ಒಳಗಿನ ರೂಮಲ್ಲಿ ಕೂತ್ಕೊ. ಬಟ್ಟೆ ನಾನೇ ತಂದುಕೊಡ್ತೀನಿ, ನಾನೇ ತಗೊಂಡು ಹೋಗ್ತೀನಿ.”

ಅಕ್ಕನ ನಗು ಅಲ್ಲಿಗೆ ನಿಂತಿತು.

ಒಳಗಿನ ರೂಮಿಗೆ ಒಂದು ಕಿಟಕಿ ಇದೆ. ತೆರೆದರೆ ಪಕ್ಕದ ಮನೆಯ ಗೋಡೆ. ಗ್ಯಾರೇಜಿನಲ್ಲಾದರೆ ಇಡೀ ಬೀದಿ ಕಾಣುತ್ತದೆ. ಯಾರ ಪ್ಯಾಂಟು ಸಡಿಲವಾಗಿದೆ, ಯಾರ ಶರ್ಟು ಹೊಟ್ಟೆಯ ಹತ್ತಿರ ಬಿಗಿಯುತ್ತಿದೆ ಎಂದು ನೋಡಿಯೇ ಅಕ್ಕ ಬೀದಿಯವರ ಸುಖದುಃಖ ಹೇಳಬಲ್ಲಳು. ಒಳಗೆ ಹೋದರೆ ತಾನು ಕಾಜಾ ಹಾಕುವ ಎರಡು ಕೈ ಮಾತ್ರ ಆಗಿಬಿಡುತ್ತೇನೆ ಎಂದು ಅವಳಿಗೆ ಭಯವಾಯಿತು. ಅವಳು ಭಯ ಒಪ್ಪಿಕೊಳ್ಳುವ ಪೈಕಿ ಅಲ್ಲ. ಆದರೆ ನಾನು ಅವಳ ಪಕ್ಕದಲ್ಲೇ ಇದ್ದೆ, ನೋಡಿದೆ.

“ನೆಲ ಸರಿ ಇಲ್ಲ ಅಂತ ನನ್ನ ಎತ್ತಿ ಒಳಗಿಡ್ತೀಯಾ? ನೆಲ ಸರಿ ಮಾಡ್ಸು” ಎಂದಳು.

ಟೈಲರ್ ಗೊಣಗಿದ. “ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.”

ಗಾದೆ ಬಾಯಿಂದ ಜಾರಿದ ಮೇಲೆ ಅವನಿಗೇ ನಾಲಿಗೆ ಕಚ್ಚಿಕೊಳ್ಳುವ ಹಾಗಾಯಿತು. ಅಕ್ಕನಿಗೆ ಕೋಪ ಬರಲಿಲ್ಲ. ಪಕ್ಕದ ಸ್ಟೂಲಿಗೆ ಜರುಗಿ ಕೂತು, ಖಾಲಿ ಕುರ್ಚಿಯನ್ನು ಅವನ ಕಡೆ ನೂಕಿದಳು.

“ಕೂತ್ಕೊ. ನೀನೇ ಕುಣಿದು ತೋರ್ಸು.”

ಟೈಲರ್ ಕೂತ. ಗಾಲಿ ತಿರುಗಿಸಿದ. ಮೊದಲನೆಯ ಸಂದು, ಟಕ್, ದಾಟಿದ. ಮೀಸೆಯಡಿ ನಕ್ಕ. ಎರಡನೆಯ ಸಂದಿನಲ್ಲಿ ಗಾಲಿ ಇಳಿಯಿತು, ಕುರ್ಚಿ ನಿಂತಿತು, ಟೈಲರ್ ನಿಲ್ಲಲಿಲ್ಲ. ಕೌಂಟರಿನ ಕಾಲು ತಬ್ಬಿಕೊಂಡು ಬಿದ್ದವನ ಕೊರಳಿನ ಟೇಪು ಕಿವಿಗೆ ಸುತ್ತಿಕೊಂಡಿತ್ತು.

ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಎನ್ನುತ್ತಾರೆ. ಆ ದಿನ ಒಂದು ಗಾದೆ ಎಲ್ಲರೆದುರು ಸುಳ್ಳಾಯಿತು. ನೆಲವೇ ಡೊಂಕಾಗಿತ್ತು.

ಕೊನೆಗೆ ಅಕ್ಕತಮ್ಮಂದಿರ ನಡುವೆ ಕರಾರಾಯಿತು. ನೆಲ ರಿಪೇರಿ ಆಗಬೇಕು. ಆದ ಮೇಲೆ ಮನೆಯ ಬಾಗಿಲಿಂದ ಶಟರಿನ ತನಕ ಅಕ್ಕ ಒಬ್ಬಳೇ ಎರಡೂ ಸಂದು ದಾಟಬೇಕು. ಗಾಲಿ ಸಿಕ್ಕಿಕೊಳ್ಳದಿದ್ದರೆ ಅವಳು ಗ್ಯಾರೇಜಿನಲ್ಲೇ. ಸಿಕ್ಕಿಕೊಂಡರೆ, ಅವಳದೇ ಮಾತಿನಲ್ಲಿ, “ಬಾಯಿ ಮುಚ್ಚಿಕೊಂಡು ಒಳಗೆ ಹೋಗ್ತೀನಿ.”

(ಅಕ್ಕ ಬಾಯಿ ಮುಚ್ಚಿಕೊಂಡಿರುವ ದೃಶ್ಯ ಬರೆಯಲು ಪ್ರಯತ್ನಿಸಿದೆ. ಪೆನ್ನು ಓಡಲಿಲ್ಲ.)

೩

ಮೇಸ್ತ್ರಿ ಬಂದರು. ನೆಲದ ಕೆಲಸದಲ್ಲಿ ಕೂದಲು ಹಣ್ಣಾದವರು. ಬಂದವರೇ ಮಂಡಿಯೂರಿ, ಸಂದಿಗೆ ಕಣ್ಣು ಹಚ್ಚಿ ನೋಡಿದರು.

‘ಮೇಸ್ತ್ರಿ ಬಿರುಕನ್ನು ದಿಟ್ಟಿಸಿದರು’ ಎಂದು ಬರೆದೆ.

“ಬಿರುಕು ಅಂತ ಬರೀಬೇಡಿ ಸಾರ್” ಎಂದರು ತಲೆ ಎತ್ತದೆ. “ಬಿರುಕು ತಾನಾಗೇ ಬರೋದು. ಇದು ಬೇಕು ಅಂತಲೇ ಬಿಟ್ಟಿರೋ ಸಂದು. ಬಿಸಿಲಿಗೆ ಕಾಂಕ್ರೀಟು ಉಬ್ಬುತ್ತೆ, ಚಳಿಗೆ ಕುಗ್ಗುತ್ತೆ. ಅದು ಕೈಕಾಲು ಚಾಚೋಕೆ ಈ ಜಾಗ. ಮೊದಲು ಇಲ್ಲಿ ಡಾಂಬರು ಕುಡಿಸಿದ ಮೆತ್ತನೆ ಹಲಗೆ ಇಟ್ಟಿದ್ರು.” ಉಳಿಯಿಂದ ಒಂದು ಚೂರು ಎಬ್ಬಿಸಿ ಬೆಳಕಿಗೆ ಹಿಡಿದರು. “ಹಲಗೆ ಕೊಳೆತಿದೆ, ಸರಿ, ಅದು ವಯಸ್ಸಾಗಿ. ಆದ್ರೆ ಅದರ ಮೇಲೆ ಸಿಮೆಂಟು ಮೆತ್ತಿದ ಮಹಾನುಭಾವ ಯಾರು?”

ಮೆಷಿನ್ನಿನ ಚಕ್ರವನ್ನು ಟೈಲರ್ ವಿನಾಕಾರಣ ಒರೆಸತೊಡಗಿದ.

“ಹೋದ ವರ್ಷ...” ಎಂದ ಕೊನೆಗೆ. “ಟಕ್ ಟಕ್ ಅಂತ ಅಕ್ಕನಿಗೆ ಸೊಂಟ ನೋಯುತ್ತೇನೋ ಅಂತ ನಾನೇ ತುಂಬ್ಸಿದ್ದೆ. ಒಂದು ಚೂರೂ ಕಾಣದ ಹಾಗೆ. ಬೇಸಿಗೆ ತನಕ ಟಕ್ ನಿಂತೂ ಇತ್ತು. ಒಳ್ಳೆ ಹೊಲಿಗೆ ಅಂದ್ರೆ ಹೊರಗೆ ಕಾಣ್ಬಾರ್ದು ನೋಡಿ.”

“ಬಿಗಿಯಾಗಿ ತುಂಬ್ಸಿದ್ರಾ?”

“ಕಲ್ಲಿನ ಹಾಗೆ!” ಎಂದ ಟೈಲರ್. ದನಿಯಲ್ಲಿ ಇನ್ನೂ ಚೂರು ಹೆಮ್ಮೆಯಿತ್ತು.

“ಅದಕ್ಕೇ. ಬೇಸಿಗೆ ಬಂತು, ನೆಲ ಉಬ್ಬೋಕೆ ನೋಡ್ತು, ಜಾಗ ಇಲ್ಲ. ಸಿಮೆಂಟಿಗೆ ಒತ್ತಿ ಒತ್ತಿ ತನ್ನ ಅಂಚನ್ನೇ ಮುರ್ಕೊಂಡ್ತು. ಹೆಬ್ಬೆರಳಗಲ ಇದ್ದದ್ದು ಈಗ ಅಂಗೈ ಅಗಲ ಗುಂಡಿ ಆಗಿದೆ. ಅಕ್ಕೋರು ಬಿದ್ದಿದ್ದು ಅದರಲ್ಲೇ.”

ಟೈಲರ್ ಮುಖ ಇಂಗು ತಿಂದ ಮಂಗನ ಹಾಗಾಯಿತು. ಇಲ್ಲಿ ನಾನು ಅವನಿಗೆ ಎರಡು ಪುಟದಷ್ಟು ಪಶ್ಚಾತ್ತಾಪ ಬರೆದಿದ್ದೆ, ಕಣ್ಣೀರೂ ಇತ್ತು. ಅಕ್ಕ ಅದನ್ನು ಓದಿ ಅಷ್ಟನ್ನೂ ಕತ್ತರಿಸಿದಳು. (ಅವರ ಮನೆಯಲ್ಲಿ ಕತ್ತರಿಗಳು ಬಹಳ ಹರಿತ.) ಬದಲಿಗೆ ತಮ್ಮನನ್ನು ಹತ್ತಿರ ಕರೆದಳು.

“ಇಪ್ಪತ್ತೆರಡು ವರ್ಷದಿಂದ ಸ್ಕೂಲ್ ಮಕ್ಕಳ ಪ್ಯಾಂಟು ಹೊಲೀತಿದ್ದೀಯ. ಪ್ರತಿ ಪ್ಯಾಂಟಿನ ತುದೀಲೂ ಮೂರು ಬೆರಳು ಬಟ್ಟೆ ಒಳಗೆ ಮಡಚಿ ಬಿಡ್ತೀಯ. ಯಾಕೆ?”

“ಮಕ್ಕಳು ಬೆಳೀತಾರಲ್ಲಕ್ಕ. ಬಿಚ್ಚಿ ಉದ್ದ ಮಾಡೋಕೆ.”

“ಊರ ಮಕ್ಕಳಿಗೆಲ್ಲ ಮೂರು ಬೆರಳು. ಮನೆ ನೆಲಕ್ಕೆ ಒಂದು ಕೂದಲೆಳೆಯಷ್ಟೂ ಬಿಡ್ಲಿಲ್ವಲ್ಲೋ!”

ಮೊದಲು ನಕ್ಕದ್ದು ಮೇಸ್ತ್ರಿ. ಆಮೇಲೆ ಅಕ್ಕ. ಟೈಲರ್ ತಡೆಯಲು ನೋಡಿದ, ಆಗಲಿಲ್ಲ. ಮೂವರೂ ನಗುವುದನ್ನು ನೋಡಿ ನನ್ನ ‘ಬಿರುಕು ಬಿಟ್ಟ ಮನಸ್ಸುಗಳು’ ಡ್ರಾಫ್ಟನ್ನು ಕಸದ ಬುಟ್ಟಿಯ ಇನ್ನೂ ತಳಕ್ಕೆ ತುಳಿದೆ.

ಕೆಲಸ ಶುರುವಾಯಿತು. ಮೇಸ್ತ್ರಿ ಉಳಿ ಸುತ್ತಿಗೆ ಹಿಡಿದು ಸಿಮೆಂಟನ್ನೆಲ್ಲ ಒಡೆದು ತೆಗೆದರು. ಅದರಡಿಯ ಕೊಳೆತ ಹಲಗೆ ಕೈಗೆ ಪುಡಿಪುಡಿಯಾಗಿ ಬಂತು. ಹಲಗೆಯ ಅಕ್ಕಪಕ್ಕದಿಂದ ಬಂದವು ನೋಡಿ ಸಾಮಾನುಗಳು: ಹದಿನೇಳು ಶರ್ಟು ಗುಂಡಿ, ಎರಡು ಬಾಬಿನ್, ಮೂಗು ಮುರಿದ ಸೂಜಿಗಳು, ಒಂದು ಹುಕ್ಕು. ಇಂಥ ಕಡೆ ಒಂದು ಹಳೆಯ ಪ್ರೇಮಪತ್ರ ಸಿಕ್ಕಬೇಕು ಎಂದು ನನಗೆ ಬಹಳ ಆಸೆ. ಮಡಚಿ, ಹಳದಿ ಬಣ್ಣಕ್ಕೆ ತಿರುಗಿಸಿ, ಸಂದಿನ ಮೂಲೆಯಲ್ಲಿ ಇಟ್ಟೂ ಇಟ್ಟೆ. ಮೇಸ್ತ್ರಿ ಅದನ್ನು ಕಸದ ಜೊತೆ ಗುಡಿಸಿ ಎತ್ತಿದರು.

ಅದರ ಬದಲು ಒಂದು ನೀಲಿ ಕೋಟಿನ ಗುಂಡಿ ಸಿಕ್ಕಿತು.

ಅಕ್ಕ ಅದನ್ನು ಸೆರಗಿನಲ್ಲಿ ಒರೆಸಿದಳು. ನೋಡಿದಳು. ಅವಳ ಮುಖ ಹೊಸ ನಾಣ್ಯದ ಹಾಗೆ ಬೆಳಗಿತು. ಹನ್ನೊಂದು ವರ್ಷದ ಹಿಂದೆ ಅದೇ ಬೀದಿಯ ಪೋಸ್ಟ್‌ಮ್ಯಾನ್ ರಿಪೇರಿಗೆ ಒಂದು ನೀಲಿ ಕೋಟು ಕೊಟ್ಟಿದ್ದ. ಅವನಪ್ಪನ ಕೋಟು, ಆ ಬಣ್ಣದ ಗುಂಡಿ ಬೇರೆಲ್ಲೂ ಸಿಗುವುದಿಲ್ಲ. ಆರರಲ್ಲಿ ಒಂದು ಕಳೆದುಹೋಯಿತು. ಆರಕ್ಕೂ ಕಪ್ಪು ಗುಂಡಿ ಹಾಕಿ ಕೊಡಬೇಕಾಯಿತು. ಕಳೆದದ್ದು ಅಕ್ಕ ಎಂದು ಹನ್ನೊಂದು ವರ್ಷ ತೀರ್ಮಾನವಾಗಿತ್ತು.

“ಆಗ ನನ್ನ ಮೇಜು ಎಲ್ಲಿತ್ತೋ?”

“ಇಸ್ತ್ರಿ ಪಕ್ಕ” ಎಂದ ಟೈಲರ್ ಸಣ್ಣ ದನಿಯಲ್ಲಿ.

“ಇದು ಸಿಕ್ಕಿದ್ದೆಲ್ಲಿ?”

“ನನ್ನ ಮೆಷಿನ್ ಕಾಲ ಹತ್ರ.”

“ಮೇಸ್ತ್ರಿ, ನೀವು ಸಾಕ್ಷಿ” ಎಂದು ಅಕ್ಕ ಗುಂಡಿಯನ್ನು ತನ್ನ ಮೇಜಿನ ಮೇಲೆ, ಎಲ್ಲರಿಗೂ ಕಾಣುವ ಹಾಗೆ, ಇಟ್ಟಳು. ಊಟದ ಹೊತ್ತಿಗೆ ಅಂಗಡಿಗೆ ಬಂದ ಮೂರು ಗಿರಾಕಿಗಳಿಗೂ ಆ ಗುಂಡಿಯ ಚರಿತ್ರೆ ಪೂರ್ತಿ ಗೊತ್ತಾಗಿತ್ತು.

೪

(ನಾಲ್ಕನೆಯ ಭಾಗ ಸದ್ಯಕ್ಕೆ ಖಾಲಿ. ಮುರಿದ ಅಂಚುಗಳಿಗೆ ಮೇಸ್ತ್ರಿ ಗಾರೆ ಹಚ್ಚಿ, ಸಂದು ಮುಚ್ಚಿಹೋಗದಂತೆ ನಡುವೆ ತೆಳು ಹಲಗೆ ನಿಲ್ಲಿಸಿದ್ದಾರೆ. ಒಣಗುತ್ತಿದೆ. ದಯವಿಟ್ಟು ತುಳಿಯಬೇಡಿ.)

೫

ಅಂಚು ಒಣಗಿದವು, ಹಲಗೆ ತೆಗೆದದ್ದಾಯಿತು. ‘ಮೇಸ್ತ್ರಿ ಸಂದಿಗೆ ಅಂಟು ಸುರಿದರು’ ಎಂದು ಬರೆದೆ.

“ನಿಲ್ಲಿ, ನಿಲ್ಲಿ!” ಎಂದು ಮೇಸ್ತ್ರಿ ಎರಡೂ ಕೈ ಎತ್ತಿದರು. “ಮೊದಲು ಧೂಳು ತೆಗೀಬೇಕು. ಆಮೇಲೆ ಸ್ಪಂಜಿನ ಹಗ್ಗ. ಆಮೇಲೆ ಅಂಟು. ನಿಮ್ಮ ಅವಸರಕ್ಕೆ ನಮ್ಮ ಕೆಲಸ ಕೆಡುತ್ತೆ.”

ಆತುರಗಾರನಿಗೆ ಬುದ್ಧಿ ಮಟ್ಟ. ವಾಕ್ಯವನ್ನು ಹೊಡೆದುಹಾಕಿ, ಕೈಕಟ್ಟಿ ನೋಡುತ್ತಾ ಕೂತೆ. ತಂತಿ ಬ್ರಷ್ಷಿನಿಂದ ಸಂದಿನ ಎರಡು ಗೋಡೆಗಳನ್ನೂ ಉಜ್ಜಿದರು. ಊದುವ ಮೆಷಿನ್ ಹಚ್ಚಿ ಧೂಳು ಹಾರಿಸಿದರು. ಅರ್ಧ ಧೂಳು ಇಸ್ತ್ರಿಯಾದ ಬಟ್ಟೆಯ ಮೇಲೆ ಹೋಯಿತು, ಆ ಜಗಳ ನಾನು ಬರೆಯುವುದಿಲ್ಲ. ಆಮೇಲೆ ಬೂದು ಬಣ್ಣದ ಸ್ಪಂಜಿನ ಹಗ್ಗ ಬಂತು. ಸಂದಿಗಿಂತ ಚೂರು ದಪ್ಪ, ಒತ್ತಿ ಕೂರಿಸಿದರೆ ಜಾರುವುದಿಲ್ಲ.

ಟೈಲರ್‌ಗೆ ಕೈಕಟ್ಟಿ ಕೂರಲು ಆಗುತ್ತದೆಯೇ? ಕೊರಳಿನ ಟೇಪು ತೆಗೆದು ಎರಡು ಸಂದುಗಳನ್ನೂ ಅಳೆದ. ಹಗ್ಗ ಎಷ್ಟು ಆಳಕ್ಕಿಳಿಯಬೇಕು ಎಂದು ಗಿಡ್ಡ ಕಡ್ಡಿಯ ಮೇಲೆ ಗುರುತು ಮಾಡಿದ. ಸೀಮೆಸುಣ್ಣದಿಂದ ಸಂದಿನ ಉದ್ದಕ್ಕೂ ಆಚೆ ಒಂದು, ಈಚೆ ಒಂದು ಗೆರೆ ಎಳೆದ. ಅಂಟು ಆಚೆ ಈಚೆ ಹರಡದಂತೆ ಮೇಸ್ತ್ರಿ ಅಂಟಿಸುವ ಕಾಗದದ ಟೇಪು ನೇರವಾಗಿರಲಿ ಎಂದು. ಗೆರೆ ಎಷ್ಟು ನೇರವಾಗಿದ್ದವೆಂದರೆ ಮೇಸ್ತ್ರಿ ತಲೆದೂಗಿದರು. ಸೀಮೆಸುಣ್ಣದ ಪುಡಿ ನೆಲದ ತುಂಬ ಉದುರಿತು.

“ಅಡಿಯಲ್ಲಿ ಈ ಹಗ್ಗ ಯಾಕೆ? ಅಂಟನ್ನೇ ಪೂರ್ತಿ ತುಂಬಬಾರದಾ?” ಎಂದು ಅಕ್ಕ ಕೇಳಿದಳು.

“ಅಂಟು ಎರಡು ಪಕ್ಕಕ್ಕೆ ಮಾತ್ರ ಹಿಡ್ಕೊಬೇಕಕ್ಕಾ. ತಳಕ್ಕೂ ಹಿಡ್ಕೊಂಡ್ರೆ ಎಳೆದಾಡೋಕೆ ಆಗಲ್ಲ, ಹರಿದುಹೋಗುತ್ತೆ. ಹಗ್ಗಕ್ಕೆ ಅಂಟು ಹಿಡಿಯಲ್ಲ.”

“ಕೋಟಿನ ಒಳಬಟ್ಟೆ, ಅಸ್ತರ್ ಹಾಗೆ” ಎಂದ ಟೈಲರ್ ತಟ್ಟನೆ. “ಅಂಚಿಗೆ ಮಾತ್ರ ಹೊಲೀಬೇಕು, ನಡುವೆ ಬಿಡಬೇಕು. ನಡುವೆನೂ ಹೊಲಿದ್ರೆ ಕೈ ಎತ್ತಿದ ಕೂಡಲೇ ಹರಿಯುತ್ತೆ.”

“ಈಗ ಗೊತ್ತಾಯ್ತು ಇವನಿಗೆ” ಎಂದಳು ಅಕ್ಕ. ಆದರೆ ತಮ್ಮನ ಬೆನ್ನ ಮೇಲೆ ಕೈಯಿಟ್ಟು ಹೇಳಿದಳು.

(ಇಲ್ಲಿ ನನಗೆ ತಡೆಯಲಾಗಲಿಲ್ಲ. ಸಂಬಂಧಗಳೂ ಹೀಗೆಯೇ ಅಲ್ಲವೇ, ಈ ಸಂದು ಒಂದು ದೊಡ್ಡ ಸಿಂಬಲ್ ಅಲ್ಲವೇ ಎಂದು ಒಂದು ಪ್ಯಾರಾ ಶುರು ಮಾಡಿದೆ. “ಏನಪ್ಪಾ ಕಥೆಗಾರ, ನಾನು ಇದರ ಮೇಲೆ ಕುರ್ಚಿ ಓಡಿಸ್ಬೇಕು. ನಿನ್ನ ಸಿಂಬಲ್ ಗಾಲಿಗೆ ಸಿಕ್ಕಿಹಾಕ್ಕೊಂಡ್ರೆ?” ಎಂದಳು ಅಕ್ಕ. ತೆಗೆದೆ.)

ಅಂಟು ಒತ್ತುವ ಗನ್ನಿನಿಂದ ಅಂಟು ಬಂತು, ಜೇನಿನ ಹಾಗೆ ನಿಧಾನಕ್ಕೆ. ತಾನಾಗಿಯೇ ಹರಡಿ ಮಟ್ಟವಾಯಿತು. ಕಾಗದದ ಟೇಪು ಕಿತ್ತಾಗ ಎರಡು ಬೂದು ಪಟ್ಟಿಗಳು ನೆಲದ ಸಮಕ್ಕೆ ಹೊಳೆಯುತ್ತಾ ಮಲಗಿದ್ದವು. ಒಣಗಿದರೆ ರಬ್ಬರಿನಂತಾಗುತ್ತದೆ, ಮೂರು ದಿನ ಯಾರೂ ಮುಟ್ಟಬೇಡಿ ಎಂದು ಹೇಳಿ ಮೇಸ್ತ್ರಿ ಹೊರಟರು.

ಮೂರು ದಿನ ನನಗೆ ಕಷ್ಟವಲ್ಲ. ‘ಮೂರು ದಿನ ಕಳೆಯಿತು’ ಎಂದರೆ ಕಳೆಯುತ್ತದೆ. ಅಕ್ಕನಿಗೆ ಹಾಗಲ್ಲ. ಅವಳು ಮೂರು ದಿನ ಒಳಗಿನ ರೂಮಿನಲ್ಲಿ, ಪಕ್ಕದ ಮನೆಯ ಗೋಡೆ ನೋಡುತ್ತಾ, ಕಾಜಾ ಹಾಕಿದಳು. ಟೈಲರ್ ಹೇಳಿದಂತೆಯೇ ಬಟ್ಟೆ ತಂದ, ತೆಗೆದುಕೊಂಡು ಹೋದ. ತಪ್ಪದೆ ಕಾಫಿಯನ್ನೂ ತಂದ. ಎಲ್ಲ ಸರಿಯಾಗಿಯೇ ನಡೆಯಿತು, ಅದೇ ಅವಳಿಗೆ ಸಂಕಟವಾಯಿತು. ಎರಡನೆಯ ದಿನ ಸಂಜೆ ಅವಳು ಒಂದು ಶರ್ಟಿಗೆ ಆರರ ಬದಲು ಏಳು ಕಾಜಾ ಹಾಕಿದ್ದಳು. ಅವಳ ಜೀವನದಲ್ಲಿ ಅಂಥದ್ದು ಆದದ್ದು ಅದೇ ಮೊದಲು. ಟೈಲರ್ ಎಣಿಸಿ ನೋಡಿದ. ಆಮೇಲೆ ಯಾರೂ ಇಲ್ಲದಾಗ ಗ್ಯಾರೇಜಿಗೆ ಹೋಗಿ, ಒಣಗಿತೇ ಎಂದು ಎರಡನೆಯ ಪಟ್ಟಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ. ಒಣಗಿರಲಿಲ್ಲ. ಅವನ ಹೆಬ್ಬೆಟ್ಟಿನ ಗುರುತು ಇವತ್ತಿಗೂ ಅಲ್ಲಿದೆ.

೬

ಕೊನೆಗೂ ಬೆಳಗಾಯಿತು. ಶಟರು ಅರ್ಧ ಎತ್ತಿತ್ತು. ಮನೆಯ ಬಾಗಿಲಲ್ಲಿ ಅಕ್ಕ, ಗಾಲಿಗಳ ಮೇಲೆ ಕೈ.

“ಯಾರೂ ನೋಡ್ಬಾರ್ದು” ಎಂದಳು. “ನೋಡಿದ್ರೆ ನನಗೆ ಕೈ ತಪ್ಪುತ್ತೆ. ಎಲ್ಲ ಗೋಡೆ ಕಡೆ ತಿರುಗಿ.”

ಟೈಲರ್ ತಿರುಗಿದ. ತಮ್ಮ ಕೆಲಸ ನೋಡಲು ಬಂದಿದ್ದ ಮೇಸ್ತ್ರಿ ತಿರುಗಿದರು.

“ನೀನೂ ಕಣಪ್ಪಾ.”

ನಾನೂ ತಿರುಗಿದೆ.

ಮೂವರೂ ಗೋಡೆಗೆ ಮುಖ ಮಾಡಿ ನಿಂತು ಆ ‘ಟಕ್’ಗಾಗಿ ಕಿವಿ ನೆಟ್ಟೆವು. ಸುಮ್ಮನೆ ನಿಲ್ಲುವುದೇಕೆಂದು ನಾನು ಮುಕ್ತಾಯಗಳನ್ನು ಬರೆದಿಟ್ಟುಕೊಳ್ಳತೊಡಗಿದೆ.

ಮುಕ್ತಾಯ ಒಂದು: ಗಾಲಿ ಸಿಕ್ಕಿಕೊಳ್ಳುತ್ತದೆ. ಅಕ್ಕ ಮರು ಮಾತಿಲ್ಲದೆ ಕುರ್ಚಿ ತಿರುಗಿಸುತ್ತಾಳೆ. ಓದುಗರ ಕಣ್ಣಲ್ಲಿ ನೀರು. (ವಿಮರ್ಶಕರಿಗೆ ಇಷ್ಟವಾದೀತು. ನನಗಲ್ಲ.)

ಮುಕ್ತಾಯ ಎರಡು: ಅಕ್ಕ ದಾಟುತ್ತಾಳೆ, ತಮ್ಮ ಓಡಿಬಂದು ಕಾಲು ಹಿಡಿಯುತ್ತಾನೆ, ಬೀದಿಯೆಲ್ಲ ಚಪ್ಪಾಳೆ. (ಅಕ್ಕ ಅವನ ಕೈಗೆ ಸೂಜಿ ಚುಚ್ಚುತ್ತಾಳೆ.)

ಮುಕ್ತಾಯ ಮೂರು: ನರ್ಸು ಹೆಂಡತಿ ಡ್ಯೂಟಿ ಮುಗಿಸಿ ಬಂದು ಅರ್ಧ ಎತ್ತಿದ ಶಟರಿಗೆ ಹಣೆ ಬಡಿಸಿಕೊಂಡು...

“ಅಕ್ಕಾ?” ಎಂದ ಟೈಲರ್. “ಹೊರಟ್ಯಾ?”

ಟೈಲರ್ ಗೋಡೆಯತ್ತಲೇ ಮುಖ ಮಾಡಿಕೊಂಡು ಮುಂದುವರಿಸಿದ.

“ಹೆದರ್ಬೇಡ ಅಕ್ಕ. ನಿಧಾನ. ಆಗ್ಲಿಲ್ಲ ಅಂದ್ರೂ...” ಅವನು ಕೊರಳಿನ ಟೇಪನ್ನು ಬೆರಳಿಗೆ ಸುತ್ತಿಕೊಂಡ. “ಆಗ್ಲಿಲ್ಲ ಅಂದ್ರೂ ಒಳಗೆ ಕಳ್ಸಲ್ಲ. ಇನ್ನೊಂದ್ಸಲ ಒಡೆಸೋಣ, ಇನ್ನೊಂದ್ಸಲ ಹಾಕಿಸೋಣ. ಆ ರೂಮಿಗೆ ಮಾತ್ರ ಬೇಡ. ಕೇಳಿಸ್ತಾ?”

ಮೂವರೂ ಒಟ್ಟಿಗೆ ತಿರುಗಿದೆವು. ಬಾಗಿಲಲ್ಲಿ ಯಾರೂ ಇರಲಿಲ್ಲ. ಇಸ್ತ್ರಿ ಮೇಜಿನ ಹತ್ತಿರ, ಮೆಷಿನ್ ಹತ್ತಿರ, ಕೌಂಟರಿನ ಹತ್ತಿರ, ಎಲ್ಲೂ ಇಲ್ಲ. ಅವಳ ಮೇಜಿನ ಮೇಲಿದ್ದ ನೀಲಿ ಗುಂಡಿಯೂ ಇರಲಿಲ್ಲ. ನೆಲದ ಮೇಲೆ ಸೀಮೆಸುಣ್ಣದ ಪುಡಿಯಲ್ಲಿ ಗಾಲಿಯ ಎರಡು ಗೆರೆಗಳು ಮಾತ್ರ ಇದ್ದವು. ಮನೆಯ ಬಾಗಿಲಿಂದ ಹೊರಟು, ಮೊದಲನೆಯ ಸಂದಿನ ಮೇಲೆ, ಎರಡನೆಯ ಸಂದಿನ ಮೇಲೆ, ಟೈಲರ್‌ನ ಹೆಬ್ಬೆಟ್ಟಿನ ಗುರುತನ್ನೂ ಸವರಿಕೊಂಡು, ಎಲ್ಲೂ ತಡವರಿಸದೆ, ಅರ್ಧ ಎತ್ತಿದ ಶಟರಿನಡಿ ಹಾದು, ಇಳಿಜಾರಿನಲ್ಲಿ ಬೀದಿಗೆ ಇಳಿದಿದ್ದವು.

“ಟಕ್ ಅನ್ಲೇ ಇಲ್ಲ” ಎಂದ ಟೈಲರ್.

“ಅನ್ನಬಾರದು” ಎಂದರು ಮೇಸ್ತ್ರಿ.

(ಪೋಸ್ಟ್‌ಮ್ಯಾನ್ ಮನೆಗೆ ಹೋಗಿರಬೇಕು ಎಂದು ನೀವು ಊಹಿಸುತ್ತೀರಿ. ನಾನೂ ಊಹಿಸಿದೆ. ಆದರೆ ಗೆರೆಗಳು ಎಡಕ್ಕೆ ತಿರುಗಿದ್ದವು. ಪೋಸ್ಟ್‌ಮ್ಯಾನ್ ಮನೆ ಇರುವುದು ಬಲಕ್ಕೆ.)

ಕಥೆಯ ಮುಖ್ಯ ಪಾತ್ರವೇ ಹೀಗೆ ಹೇಳದೆ ಕೇಳದೆ ಹೊರಟುಹೋದರೆ ಕಥೆಗಾರ ಏನು ಮಾಡಬೇಕು? ಪೆನ್ನು ಕಿವಿಗೆ ಸಿಕ್ಕಿಸಿಕೊಂಡು ಗೆರೆಯ ಹಿಂದೆ ಓಡಿದೆ. ಹಾಲಿನಂಗಡಿ ದಾಟಿತು, ಚಪ್ಪಲಿ ಹೊಲಿಯುವವನ ಪೆಟ್ಟಿಗೆ ದಾಟಿತು. ಗೆರೆ ತೆಳ್ಳಗಾಗುತ್ತಾ ಬಂತು. ಬೀದಿಯ ಮೂಲೆಗೆ ಬರುವಷ್ಟರಲ್ಲಿ ಸೀಮೆಸುಣ್ಣ ಮುಗಿದಿತ್ತು. ಅಲ್ಲಿಂದ ಮೂರು ದಾರಿ.

ವಾಪಸು ಬಂದೆ. ಟೈಲರ್ ಶಟರನ್ನು ಪೂರ್ತಿ ಮೇಲಕ್ಕೆ ಎತ್ತಿದ್ದ. ಗ್ಯಾರೇಜಿನ ತುಂಬ ಬಿಸಿಲು.

“ಸಿಕ್ಕಿದ್ಲಾ?”

“ಇಲ್ಲ” ಎಂದೆ.

“ಒಳ್ಳೇದಾಯ್ತು” ಎಂದು ಅವನು ಮುಖದ ತುಂಬ ನಕ್ಕ. ಆಮೇಲೆ, ಅವಳಿಗೆ ಬೀದಿ ಇನ್ನೂ ಹತ್ತಿರದಿಂದ ಕಾಣಲಿ ಎಂದು ಮೇಸ್ತ್ರಿಯನ್ನು ಕರೆದು, ಇಬ್ಬರೂ ಸೇರಿ ಅಕ್ಕನ ಮೇಜನ್ನು ಎತ್ತಿಕೊಂಡು ಬೀದಿ ಕಡೆಗೆ ನಡೆದರು. ಶಟರಿಗೆ ಇನ್ನೂ ಆರು ಹೆಜ್ಜೆ ಇರುವಾಗ ಟೈಲರ್ ನಿಂತ. ಎಡಗಡೆ ಇಡುವುದೋ, ಬಲಗಡೆಯೋ? ಅದನ್ನು ಅಕ್ಕನನ್ನೇ ಕೇಳಬೇಕು ಎಂದ. ಅವಳು ಯಾವಾಗ ಬರುತ್ತಾಳೆ ಎಂದು ಮೇಸ್ತ್ರಿ ನನ್ನ ಮುಖ ನೋಡಿದರು. ನನಗೇನು ಗೊತ್ತು?

ಸದ್ಯಕ್ಕೆ ಮೇಜು ಎರಡನೆಯ ಸಂದಿನ ಮೇಲೆ ನಿಂತಿದೆ, ಎರಡು ಕಾಲು ಈಚೆ, ಎರಡು ಕಾಲು ಆಚೆ.